ಹಳೆಯ ಟೈರು ಯಾರಿಗೆ ಕೊಡಬೇಕೆಂದು ಕೇಳಿದವನ ಹೆಂಡತಿಯಿಂದ

ನಗರದ ಆರೋಗ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಗೇಟಿಗೆ ನೋಟಿಸು ಅಂಟಿಸಿದ್ದಕ್ಕೆ ನಾನು ಲಿಖಿತ ಕ್ಷಮೆ ಕೇಳಬೇಕು, ಇಲ್ಲವಾದರೆ ಪೊಲೀಸರಿಗೆ ದೂರು ಕೊಡುತ್ತೇವೆ ಎಂದು ನಿಮ್ಮ ಸಹಿಯಿರುವ ಪತ್ರ ಸೋಮವಾರ ಬಂತು. ಕ್ಷಮೆ ಕೇಳುವುದಿಲ್ಲ. ಅದನ್ನು ಊರೆದುರು ಹೇಳಬೇಕೆಂದೇ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನನ್ನ ಗಂಡನನ್ನು ಕೊಂದದ್ದು ಟೈರಿನೊಳಗೆ ನಿಂತ ಒಂದು ಬೊಗಸೆ ಮಳೆನೀರು. ಆ ನೀರು ಅಲ್ಲಿ ನಿಲ್ಲಬಾರದು ಎಂದು ಟೈರಿನ ವ್ಯಾಪಾರ ಮಾಡುವ ನಮಗೆ ಕಲಿಸುವುದು ನಿಮ್ಮ ಕೆಲಸವಾಗಿತ್ತು. ನೀವು ಕಲಿಸಲಿಲ್ಲ. ಕಲಿಸಿದ್ದೇವೆ ಎಂದು ವರದಿ ಬರೆದಿರಿ.

ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಮ್ಮ ಟೈರಿನ ಅಂಗಡಿ ಇದೆ. ನನ್ನ ಗಂಡ ಮುರುಗೆಪ್ಪ ಸವೆದ ಟೈರಿನ ಮೇಲೆ ಒಮ್ಮೆ ಅಂಗೈ ಆಡಿಸಿದರೆ ಸಾಕು, ಲಾರಿಯ ಅಲೈನ್‌ಮೆಂಟ್ ಯಾವ ಕಡೆಗೆ ತಪ್ಪಿದೆ ಎಂದು ಹೇಳುತ್ತಿದ್ದರು. ಗಿರಾಕಿಗಳು ಬಿಟ್ಟುಹೋದ ಹಳೆಯ ಟೈರುಗಳಲ್ಲಿ ಗಟ್ಟಿಯಿದ್ದವು ಹೊಸ ರಬ್ಬರು ಹೊದಿಸುವ ರೀಟ್ರೆಡ್‌ಗೆ ಹೋಗುತ್ತಿದ್ದವು. ಉಳಿದವು ಹಿತ್ತಲಿಗೆ. ಯಾವಾಗಲೋ ಇಟ್ಟಂಗಿ ಭಟ್ಟಿಯವರು ಸುಡಲು ಒಯ್ಯುತ್ತಿದ್ದರು. ಆ ಹೊಗೆ ಎಷ್ಟು ಕೆಟ್ಟದ್ದು ಎಂಬುದೂ ನಮಗೆ ಗೊತ್ತಿರಲಿಲ್ಲ. ಇದನ್ನೆಲ್ಲ ನಾನು ಮುಚ್ಚಿಡುತ್ತಿಲ್ಲ. ತಿಳಿಯದೆ ಮಾಡಿದೆವು. ತಿಳಿದೂ ಸುಮ್ಮನಿದ್ದವರ ವಿಷಯಕ್ಕೆ ಈಗ ಬರುತ್ತೇನೆ.

ಮೇ ತಿಂಗಳಲ್ಲಿ ದೇಶಪಾಂಡೆ ನಗರದ ಸಭಾಂಗಣವೊಂದರಲ್ಲಿ ನೀವು ಟೈರು ವ್ಯಾಪಾರಿಗಳಿಗೆಂದೇ ಅರಿವು ಕಾರ್ಯಾಗಾರ ನಡೆಸಿದಿರಿ. ನಾನೂ ಬಂದಿದ್ದೆ, ಹಿಂದಿನ ಸಾಲಿನಲ್ಲಿದ್ದೆ. ದೀಪ ಬೆಳಗಿದಿರಿ, ಶಾಲು ಹೊದಿಸಿಕೊಂಡಿರಿ, ಸ್ವಚ್ಛ ನಗರ ಎಂಥ ಸುಂದರ ಕಲ್ಪನೆ ಎಂದು ಒಂದು ತಾಸು ಮಾತಾಡಿದಿರಿ. ಟೈರು ಎಂಬ ಶಬ್ದ ನಿಮ್ಮ ಬಾಯಿಂದ ಎರಡು ಸಲ ಬಂತು. ಆಮೇಲೆ ಎಲ್ಲರ ಕೈಗೂ ಒಂದೊಂದು ಇಂಗ್ಲಿಷ್ ಪುಸ್ತಿಕೆ ಕೊಟ್ಟಿರಿ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಎದ್ದು ನಿಂತವರು ನನ್ನ ಗಂಡ ಒಬ್ಬರೇ.

"ಸಾಹೇಬ್ರ, ನಮ್ಮ ಹಿತ್ತಲದಾಗ ಮುನ್ನೂರು ಹಳೇ ಟೈರ್ ಬಿದ್ದಾವ್ರಿ. ಅವನ್ನ ಹೆಂಗ ಇಡಬೇಕು, ಯಾರಿಗೆ ಕೊಡಬೇಕು, ಅಷ್ಟ ಹೇಳಿಬಿಡ್ರಿ."

"ಎಲ್ಲಾ ಪುಸ್ತಕದಾಗ ಐತಿ, ಯಜಮಾನ್ರ. ಓದ್ರಿ."

"ಇಂಗ್ಲಿಷಿನ್ಯಾಗ ಐತ್ರಿ."

"ಮಕ್ಕಳ ಕಡಿಂದ ಓದಿಸ್ಕೊರ್ರಿ!"

ಸಭೆ ನಕ್ಕಿತು. ನೀವೂ ನಕ್ಕಿರಿ. ನಮಗೆ ಮಕ್ಕಳಿಲ್ಲ. ಅದನ್ನು ಅವರು ನಿಮಗೆ ಹೇಳಲಿಲ್ಲ. ಬಸ್ಸಿನಲ್ಲಿ ಮರಳುವಾಗ ನನ್ನನ್ನು ಸಮಾಧಾನ ಮಾಡಲೆಂದೋ ಏನೋ, "ಉಪ್ಪಿಟ್ಟು ಛಲೋ ಮಾಡಿದ್ರು ನೋಡು" ಎಂದರು.

ಆ ಕಾರ್ಯಾಗಾರದ ವರದಿಯನ್ನು ನಾನು ಮಾಹಿತಿ ಹಕ್ಕಿನಲ್ಲಿ ತರಿಸಿಕೊಂಡೆ. 'ನಲವತ್ತು ವ್ಯಾಪಾರಿಗಳಲ್ಲಿ ಸಂಪೂರ್ಣ ಅರಿವು ಮೂಡಿಸಲಾಯಿತು' ಎಂದಿದೆ. ಸಂಪೂರ್ಣ! ಅರಿವು ಮೂಡಿತೋ ಇಲ್ಲವೋ ಎಂದು ಅಳೆಯುವ ಯಂತ್ರ ನಿಮ್ಮಲ್ಲಿದೆಯೇ? ಅಥವಾ ಖಾಲಿಯಾದ ಉಪ್ಪಿಟ್ಟಿನ ತಟ್ಟೆಗಳನ್ನು ಎಣಿಸಿ ಬರೆದಿರೋ?

ಜೂನ್‌ನಲ್ಲಿ ಮಳೆ ಹಿಡಿಯಿತು. ಟೈರು ನೆನೆಯಬಾರದು ಎಂದು ನನ್ನ ಗಂಡ ರಾಶಿಯ ಮೇಲೆ ತಾಡಪತ್ರಿ ಹೊದಿಸಿದರು. ಅದು ನಡುವೆ ಜೋತುಬಿದ್ದು ಅದರಲ್ಲೂ ನೀರು ತುಂಬಿತು. ಬಿಗಿದು ಕಟ್ಟಬೇಕು, ವಾರಕ್ಕೊಮ್ಮೆ ನೋಡಬೇಕು ಎಂದು ಯಾರು ಹೇಳಿದ್ದರು ಅವರಿಗೆ? ಜುಲೈ ಮೊದಲ ವಾರ, ಹಿತ್ತಲ ಗೋಡೆಯಾಚೆ ಹೊಲಿಗೆ ಅಂಗಡಿ ಇಟ್ಟಿರುವ ಅಬೀದಾಳ ಮಗಳಿಗೆ ಡೆಂಗಿ ಬಂತು. ಆ ಹುಡುಗಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಉಳಿದುಬಂದಳು. ಅಷ್ಟರಲ್ಲಿ ಇವರಿಗೆ ಜ್ವರ ಏರಿತ್ತು. ನಾಲ್ಕನೆಯ ದಿನ ಮೈ ತಣ್ಣಗಾದಾಗ ನಾನೂ ಗಂಡಾಂತರ ಕಳೆಯಿತೆಂದೇ ನಂಬಿದೆ.

"ಜ್ವರ ಇಳದೈತಿ, ಅಂಗಡಿ ತಗೀತೇನಿ," ಎಂದರು.

"ಇವತ್ತೊಂದಿನ ಮಲಗ್ರೆಲಾ."

"ಮಲಗಿದ್ರ ಟೈರ್ ತಾವ ಎದ್ದು ಗಾಡಿಗಿ ಹತ್ತತಾವೇನು?"

ಜ್ವರ ಇಳಿದ ಮೇಲೆಯೇ ಡೆಂಗಿಯ ಅಪಾಯ ಹೆಚ್ಚು ಎಂದು ನನಗೆ ಆಸ್ಪತ್ರೆಯಲ್ಲಿ ತಿಳಿಯಿತು. ಆಗ ಅವರ ಒಸಡಿನಿಂದ ರಕ್ತ ಬರುತ್ತಿತ್ತು. ಆಸ್ಪತ್ರೆ ಸೇರಿದ ಎರಡನೆಯ ದಿನ ಮಧ್ಯಾಹ್ನ ಹೋಗಿಬಿಟ್ಟರು. ಐವತ್ತೆಂಟು ವಯಸ್ಸು.

ಮನೆಯಲ್ಲಿ ಅವರ ಉತ್ತರಕ್ರಿಯೆಯ ಶಿವಗಣಾರಾಧನೆ ನಡೆದ ದಿನವೇ ನಿಮ್ಮ ಸಿಬ್ಬಂದಿ ಅಂಗಡಿಗೆ ಬೀಗ ಜಡಿದು, 'ಅರಿವು ಮೂಡಿಸಿದ ನಂತರವೂ ಸೊಳ್ಳೆ ಉತ್ಪತ್ತಿಗೆ ಕಾರಣನಾದ ಮಾಲೀಕ' ಎಂದು ನೋಟಿಸು ಅಂಟಿಸಿ, ಪತ್ರಿಕೆಯವರಿಗೆ ಫೋಟೊ ಕೊಟ್ಟರು. ಐದು ದಿನದ ಹಿಂದೆ ಮಣ್ಣಿಗೆ ಹೋದ ಮನುಷ್ಯನಿಗೆ ನಿರ್ಲಕ್ಷ್ಯದ ಆರೋಪ. ಉತ್ತರ ಕೊಡಲು ಏಳು ದಿನದ ಗಡುವು!

ಆ ಸಂಜೆ ನಾನು ಅಬೀದಾಳ ಮನೆಗೆ ಹೋದೆ. ಕ್ಷಮೆಯನ್ನು ನಾನು ಕೇಳಿದ್ದರೆ ಅದು ಅಲ್ಲಿ ಮಾತ್ರ.

"ನಮ್ಮ ಹಿತ್ತಲದ ಸೊಳ್ಳೀನ ನಿನ್ನ ಮಗಳಿಗೆ ಕಚ್ಚಿರಬೇಕವಾ. ತಪ್ಪಾತು," ಎಂದೆ.

ಅವಳು ಮಷಿನ್ ನಿಲ್ಲಿಸಿ ನನ್ನನ್ನು ನೋಡಿದಳು. "ನಿಮಗ ಗೊತ್ತಿತ್ತೇನ್ರಿ ಅಕ್ಕಾರ?"

"ಇಲ್ಲವಾ."

"ಮತ್ತ ಗೊತ್ತಿದ್ದವರ ಮ್ಯಾಲ ಸಿಟ್ಟು ಮಾಡ್ರಿ. ನನ್ನ ಮುಂದ ಅಳಬ್ಯಾಡ್ರಿ."

ಅವಳ ಮಾತನ್ನು ನಾನು ಅಕ್ಷರಶಃ ಪಾಲಿಸುತ್ತಿದ್ದೇನೆ, ಅಧಿಕಾರಿಗಳೇ.

ನನಗೆ ಕಲಿಸಿದವಳು ನಮ್ಮ ಓಣಿಯ ಆಶಾ ಕಾರ್ಯಕರ್ತೆ ಕಾವೇರಿ. ದೀಪ ಹಚ್ಚಲಿಲ್ಲ, ಶಾಲು ಕೇಳಲಿಲ್ಲ. ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಕರೆದೊಯ್ದು, ಒಂದು ಸೌಟಿನಿಂದ ಟೈರಿನ ನೀರು ಮೊಗೆದು ಬಿಳಿ ತಟ್ಟೆಗೆ ಸುರಿದಳು. ನೀರಿನಲ್ಲಿ ಸಣ್ಣ ಹುಳಗಳು ಡೊಂಕಾಗಿ ಕುಣಿಯುತ್ತಿದ್ದವು. "ಎಂಟು ಹತ್ತು ದಿನದಾಗ ಇವ ಸೊಳ್ಳಿ ಆಗ್ತಾವ್ರಿ. ನೀರು ಚೆಲ್ಲಿದ್ರಷ್ಟ ಸಾಲದು. ತತ್ತಿ ಟೈರಿನ ಗ್ವಾಡಿಗಿ ಅಂಟಿಕೊಂಡು ತಿಂಗಳಗಟ್ಟಲೆ ಒಣಗೇ ಇರ್ತಾವು. ತಿಕ್ಕಬೇಕು," ಎಂದಳು. ಇಷ್ಟು ಹೇಳಲು ಅವಳಿಗೆ ಹಿಡಿದದ್ದು ಕಾಲು ತಾಸು. ಮೇ ತಿಂಗಳಲ್ಲಿ ನಿಮ್ಮ ಬಳಿ ಇದ್ದದ್ದು ಅರ್ಧ ದಿನ.

ಅಲ್ಲಿಂದ ನಾವಿಬ್ಬರೂ ಒಂದು ತಿಂಗಳು ಅಂಗಡಿ ಅಂಗಡಿ ಸುತ್ತಿದೆವು. ಟೈರನ್ನು ಮಾಡಿನ ಕೆಳಗೆ, ನೆಲದಿಂದ ಎತ್ತರಿಸಿ ಇಡಿ. ಒಂದೇ ದೊಡ್ಡ ರಾಶಿ ಬೇಡ, ಸಣ್ಣ ರಾಶಿ ಮಾಡಿ ನಡುವೆ ದಾರಿ ಬಿಡಿ, ಬೆಂಕಿ ಹತ್ತಿದರೆ ಆರಿಸಲು ಆಗಬೇಕು. ಭಟ್ಟಿಗೆ ಕೊಡಬೇಡಿ, ಪರವಾನಗಿ ಇರುವ ಮರುಬಳಕೆಯವರಿಗೇ ಕೊಟ್ಟು ಚೀಟಿ ಇಸಿದುಕೊಳ್ಳಿ. ಮಾಳಮಡ್ಡಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಮಕ್ತುಮಸಾಬರು ತಮ್ಮದೇ ಟೈರಿನ ನೀರಿದ್ದ ಬಿಳಿ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಮೂವತ್ತು ವರ್ಷ ಟೈರ್ ಜೋಡಿ ಕುಂತೇನ್ರಿ. ಒಳಗ ಇಂಥಾದ್ದು ಐತಿ ಅಂತ ಒಬ್ಬರೂ ತೋರಿಸಿದ್ದಿಲ್ಲ," ಎಂದರು. ಮರುದಿನ ಹೋಗುವಷ್ಟರಲ್ಲಿ ರೀಟ್ರೆಡ್‌ಗೆ ಬಾರದ ಒಂದೊಂದು ಟೈರಿಗೂ ಡ್ರಿಲ್ಲಿನಿಂದ ತೂತು ಕೊರೆದಿಟ್ಟಿದ್ದರು, ನೀರು ನಿಲ್ಲದ ಹಾಗೆ. ಅವರಿಗೂ ನಿಮ್ಮ ಪುಸ್ತಿಕೆ ಸಿಕ್ಕಿತ್ತಂತೆ. ಬೆಂಚಿನ ಕಾಲಿಗೆ ಅಡಿಗಿಟ್ಟಿದ್ದರು.

ನನ್ನ ಹಿತ್ತಲನ್ನೂ ತೊಳೆದು, ತಗಡು ಹೊದಿಸಿ, ಬೀಗ ತೆಗೆಯಿರಿ ಎಂದು ಕೇಳಲು ಕಾವೇರಿಯ ಜೊತೆ ನಿಮ್ಮ ಕಚೇರಿಗೆ ಬಂದೆ. ಎರಡು ತಾಸು ಕಾಯಿಸಿದಿರಿ, ಅದು ಒಳ್ಳೆಯದೇ ಆಯಿತು. ನೀರು ಕುಡಿಯಲು ಹಿಂಬದಿಗೆ ಹೋದಾಗ ಅಂಗಳ ಕಣ್ಣಿಗೆ ಬಿತ್ತು. ಕಸದ ಗಾಡಿಗಳ ಹಳೆಯ ಟೈರು, ಬೇವಿನ ಮರದಡಿ, ನನ್ನ ಹಿತ್ತಲಿನಲ್ಲಿ ಇದ್ದುದಕ್ಕಿಂತ ದೊಡ್ಡ ರಾಶಿ. ಕಾವೇರಿ ಚೀಲದಿಂದ ಸೌಟು ತೆಗೆದು, ಆ ಟೈರಿನ ನೀರನ್ನು ಒಂದು ಬಾಟಲಿಗೆ ತುಂಬಿದಳು. ಹುಳಗಳಿದ್ದ ಬಾಟಲಿಯನ್ನು ನಾನು ನಿಮ್ಮ ಮೇಜಿನ ಮೇಲೆ ಇಟ್ಟೆ. ನೀವು ಕುರ್ಚಿಯನ್ನು ಹಿಂದಕ್ಕೆ ಸರಿಸಿದಿರಿ.

"ಅವು ಸರ್ಕಾರಿ ಟೈರ್ ಅದಾವಮ್ಮಾ. ಹರಾಜ್ ಆಗೋಮಟ ಮುಟ್ಟಾಕ ಬರಂಗಿಲ್ಲ," ಎಂದಿರಿ.

ಹರಾಜಾಗುವವರೆಗೆ ಸರ್ಕಾರಿ ಸೊಳ್ಳೆಗಳು ಕಾಯುತ್ತವೆಯೇ? ಕಚ್ಚುವ ಮೊದಲು ಮೇಲಧಿಕಾರಿಯ ಅನುಮತಿ ಪಡೆಯುತ್ತವೆಯೇ?

ಮರುದಿನ ಬೆಳಿಗ್ಗೆ, ಕಚೇರಿ ತೆರೆಯುವ ಹೊತ್ತಿಗೆ, ನನ್ನ ಬಾಗಿಲಿಗೆ ಅಂಟಿಸಿದ್ದ ನೋಟಿಸನ್ನೇ ನಕಲು ಮಾಡಿ, ಮಾಲೀಕನ ಹೆಸರಿದ್ದಲ್ಲಿ ನಿಮ್ಮ ಹುದ್ದೆಯನ್ನು ಬರೆದು, ನಿಮ್ಮ ಗೇಟಿಗೆ ಅಂಟಿಸಿದೆ. ಏಳು ದಿನದ ಗಡುವನ್ನೂ ಬಿಡಲಿಲ್ಲ. ನಿಮ್ಮ ಕಾವಲುಗಾರ ತಡೆಯಬಹುದಿತ್ತು. ತಡೆಯಲಿಲ್ಲ. "ಎಡಕ್ಕ ಸ್ವಲ್ಪ ಸೊಟ್ಟ ಆತ್ರಿ ಅಕ್ಕಾರ," ಎಂದಷ್ಟೇ ಹೇಳಿದ. ಸರಿಮಾಡಿದೆ. ಜನ ಸೇರಿದರು, ಪತ್ರಿಕೆಯವರು ಬಂದರು, ಅಂಗಳದ ಫೋಟೊ ಅಚ್ಚಾಯಿತು, ಮೂರನೆಯ ದಿನ ನನ್ನ ಅಂಗಡಿಯ ಬೀಗ ತೆರೆಯಿತು. ನಿಮ್ಮ ಟೈರುಗಳು ಇನ್ನೂ ಅಲ್ಲೇ ಇವೆ. ನಿಮ್ಮನ್ನು ಅಷ್ಟು ಜನರ ಮುಂದೆ ಹಾಗೆ ನಿಲ್ಲಿಸಿದ್ದು ನನಗೆ ಹಿಡಿಸಿತು. ಸುಳ್ಳೇಕೆ ಹೇಳಲಿ? ಗಂಡ ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಈಗ ನನ್ನ ಬೇಡಿಕೆ. ಈ ತಿಂಗಳೊಳಗೆ ನಿಮ್ಮ ಅಂಗಳ ಖಾಲಿಯಾಗಬೇಕು. ಹಳೆಯ ಟೈರು ಎಲ್ಲಿಗೆ ಒಯ್ಯಬೇಕು, ಯಾವ ದಿನ, ಯಾರಿಗೆ ಕೊಡಬೇಕು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ನಗರದ ಒಂದೊಂದು ಟೈರಿನ ಅಂಗಡಿಗೂ ನೀವೇ ಹೋಗಿ ಕೊಡಬೇಕು, ಜವಾನನನ್ನು ಕಳಿಸುವಂತಿಲ್ಲ. ಕಾವೇರಿ ಪಾಠ ಹೇಳುವಾಗ ನೀವು ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕು. ಮತ್ತು ನಿಮ್ಮ ಕಡತದಲ್ಲಿ ನನ್ನ ಗಂಡನ ಹೆಸರಿನ ಮುಂದಿರುವ 'ನಿರ್ಲಕ್ಷ್ಯ' ಎಂಬ ಶಬ್ದವನ್ನು ನಿಮ್ಮ ಕೈಯಾರೆ ಹೊಡೆದುಹಾಕಬೇಕು.

ನಿಮ್ಮನ್ನು ವರ್ಗ ಮಾಡಿಸುವ ಅರ್ಜಿಗೆ ಸಹಿ ಹಾಕು ಎಂದು ಕೆಲವರು ಬಂದಿದ್ದರು. ಹಾಕಲಿಲ್ಲ. ವರ್ಗವಾದರೆ ನೀವು ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಬೇರೆ ಊರಿಗೆ ನಗುತ್ತಾ ಹೋಗುತ್ತೀರಿ, ನಮ್ಮನ್ನು ಮರೆತೂಬಿಡುತ್ತೀರಿ. ಅದು ನನಗೆ ಬೇಡ. ನೀವು ಇಲ್ಲೇ, ಇದೇ ಕುರ್ಚಿಯಲ್ಲೇ ಇರಬೇಕು. ನಾನು ಪ್ರತಿ ಶನಿವಾರ ಹನ್ನೊಂದಕ್ಕೆ ಬರುತ್ತೇನೆ. ನೀವು ನಿವೃತ್ತರಾಗುವವರೆಗೂ ಬರುತ್ತೇನೆ.

ಇಂತಿ,
ತಡವಾಗಿ ಕಲಿತ
ದಾಕ್ಷಾಯಿಣಿ ಮುರುಗೆಪ್ಪ
ಟೈರಿನ ಅಂಗಡಿ, ಲಕಮನಹಳ್ಳಿ, ಧಾರವಾಡ