ಹೆಸರಿಲ್ಲದವಳಿಗೆ ಹನ್ನೊಂದು ಸಾಲು

ಮಯೂರ್ ವಿಹಾರ್, ದೆಹಲಿ
೬ ಸೆಪ್ಟೆಂಬರ್ ೨೦೦೮

ಪ್ರೀತಿಯ ಇಂದುಶೇಖರ ಅವರಿಗೆ,

ಶಿಲ್ಲಾಂಗಿನ ಥಂಡಿಗೆ ನಿಮ್ಮ ಕೆಮ್ಮು ಹೇಗಿದೆ? ಕಳಿಸಿದ ಮಫ್ಲರ್ ಕಟ್ಟಿಕೊಳ್ಳುತ್ತಿದ್ದೀರಾ? ಇದನ್ನೆಲ್ಲ ಫೋನಿನಲ್ಲಿ ಕೇಳಲು ನೀವು ಬಿಟ್ಟರೆ ತಾನೆ. ಹಲೋ ಎನ್ನುವ ಮೊದಲೇ "ಹಂಸಾ, ಅದು ಎದ್ದಿದೆಯಾ?" ಎನ್ನುತ್ತೀರಿ. ನಾನು ಎದ್ದಿದ್ದೇನಾ, ಮಲಗಿದ್ದೇನಾ ಎಂದು ನೀವು ಅಲ್ಲಿಗೆ ಹೋದ ಈ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಕೇಳಿಲ್ಲ. ಅದಕ್ಕೇ ಕಾಗದ.

ಅದು ಎದ್ದಿದೆ. ನಿಮ್ಮ ಕಂಪ್ಯೂಟರ್ ಊಟದ ಮೇಜಿನ ಮೇಲೆ ನಿಮ್ಮ ಜಾಗದಲ್ಲೇ ಕೂತು ಗುಂಯ್‌ಗುಡುತ್ತಿದೆ. ಆಫೀಸುಗಳಲ್ಲಿ ದುಡಿಯುವ ಹೆಂಗಸರು ಹೆಸರು ಹೇಳದೆ ಕಷ್ಟ ಬರೆಯುವ ತಾಣ ಅದರೊಳಗಿದೆ, ಅದು ಯಾರ ಮನೆಯಲ್ಲಿದೆ ಎಂದು ಅವರಿಗೂ ಗೊತ್ತಾಗಬಾರದು, ಅವರು ಯಾರೆಂದು ನಮಗೂ ಗೊತ್ತಾಗಬಾರದು ಎಂದು ನನಗೆ ಬಿಡಿಸಿ ಹೇಳಿ ಹೋದವರು ನೀವು. ಕೇಬಲ್‌ವಾಲಾ ಭಯ್ಯಾ ಈ ವಾರ ಮೂರು ಸಲ ತಂತಿ ಕಿತ್ತು ಜೋಡಿಸಿದ. ಪ್ರತಿ ಸಲವೂ ಮೋಡೆಮ್‌ಗೆ ಹೊಸ ನಂಬರ್. ಆಗ ನಿಮ್ಮ ಮುದ್ದಿನ ಯಂತ್ರ ಆ ಹೆಂಗಸರು ಅದನ್ನು ಕೇಳಿಕೊಂಡು ಬರುವ ಮೂರು ಭೇಟಿಯ ಜಾಗಗಳಿಗೆ, ಅಂದರೆ ಎಲ್ಲೋ ಇರುವ ಬೇರೆ ಕಂಪ್ಯೂಟರ್‌ಗಳಿಗೆ, ಹೊಸ ದಾರಿ ಹುಡುಕಿಕೊಂಡು ಹೋಗಿ, ಇಲ್ಲೇ ಇದ್ದೇನೆ ಎಂದು ಹೇಳಿ ಬರಬೇಕಲ್ಲ, ಹೇಳುವುದಿಲ್ಲ. ಸತ್ತ ದಾರಿಯನ್ನೇ ಹಿಡಿದು ಕೂರುತ್ತದೆ. ಓಖ್ಲಾದ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುವ ಮುಂಚೆ ನಾನೇ ಅದನ್ನು ಮುಚ್ಚಿ ಮತ್ತೆ ತೆರೆಯುತ್ತೇನೆ. ಹತ್ತು ನಿಮಿಷಕ್ಕೆ ಎಲ್ಲರಿಗೂ ಹಳೆಯ ವಿಳಾಸದಲ್ಲೇ ಸಿಗುತ್ತದೆ.

ಅದಕ್ಕೆಷ್ಟು ಅದೃಷ್ಟ ನೋಡಿ. ನಾವು ಇಂದಿರಾಪುರಂ ಬಿಟ್ಟು ಇಲ್ಲಿಗೆ ಬಂದಾಗ ಅಮ್ಮನ ಎರಡು ಕಾಗದ ವಾಪಸ್ ಹೋದವು. ಈ ಯಂತ್ರ ಮನೆ ಬದಲಾಯಿಸಿದ್ದು ಮಾತ್ರ ಒಬ್ಬರಿಗೂ ತಿಳಿಯಲಿಲ್ಲ. ಎಲ್ಲಿಗೆ ಹೋದರೂ ಅದರ ವಿಳಾಸ ಬದಲಾಗದಂತೆ ಕಾಯುವ ಬೀಗದ ಕೈ ಎಂಬ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ನನ್ನ ಬಳೆಗಳ ಡಬ್ಬಿಯಲ್ಲಿ ಇಡಿಸಿದ್ದೀರಿ. ಬಳೆ ಹುಡುಕಿದರೆ ಅದೇ ಕೈಗೆ ಸಿಗುತ್ತದೆ. ಮೈಯೆಲ್ಲ ಉರಿಯುತ್ತದೆ.

ಯಂತ್ರದ ಮೇಲಿನ ಹೊಟ್ಟೆಕಿಚ್ಚನ್ನಾದರೂ ನುಂಗಿಕೊಂಡೇನು. ಆದರೆ ಸೋಮವಾರ ತಾಣದಲ್ಲಿ ಒಬ್ಬಳು ಬರೆದಳಲ್ಲ, ಎದೆಯಲ್ಲಿ ಗಂಟಾಗಿದೆ, ಆಪರೇಷನ್‌ಗೆ ದಿನ ಗೊತ್ತಾಗಿದೆ, ಸಾಹೇಬರು ರಜೆ ಕೊಡುತ್ತಿಲ್ಲ, ಮನೆಯವರಿಗೂ ಹೇಳಿಲ್ಲ ಎಂದು. ಅವಳಿಗೆ ನೀವು ಹನ್ನೊಂದು ಸಾಲು ಉತ್ತರ ಬರೆದಿದ್ದೀರಿ. ಎಣಿಸಿದ್ದೇನೆ. ಊಟ ಬಿಡಬೇಡಿ ಎಂದಿದ್ದೀರಿ, ಹೆದರಬೇಡಿ ಎಂದು ಎರಡು ಸಲ ಹೇಳಿದ್ದೀರಿ. ಮದುವೆಯಾದ ಆರು ವರ್ಷದಲ್ಲಿ ನನಗೆ ನೀವು ಒಟ್ಟಿಗೆ ನಾಲ್ಕು ಸಾಲು ಬರೆದದ್ದಿಲ್ಲ. ಓದಿ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಇಷ್ಟು ಸಾಕು. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಪಕ್ಕದ ಮನೆಯ ಲೀಲಾವತಿ ಆಂಟಿ ನಿಮ್ಮನ್ನು ಕೇಳಿದರೆಂದು ಬರೆಯಲು ಹೇಳಿದರು. ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ
ಹಂಸಾ

ತಾ.ಕ.: ಸೋಮವಾರ ಬರೆದವಳು ನಾನೇ. ಹಿಂದಿಯಲ್ಲಿ ಬರೆದೆ, ನಿಮಗೆ ಗುರುತು ಹತ್ತಲಿಲ್ಲ. ಒಬ್ಬರೇ ಹೋಗಬೇಡಿ, ಗಂಡನಿಗೆ ಇವತ್ತೇ ತಿಳಿಸಿ ಎಂದು ಕೊನೆಯ ಸಾಲಿನಲ್ಲಿ ಹೇಳಿದ್ದಿರಿ. ತಿಳಿಸಿದ್ದೇನೆ. ಹದಿನೆಂಟನೇ ತಾರೀಕು, ಗುರುವಾರ, ಬೆಳಿಗ್ಗೆ ಎಂಟಕ್ಕೆ. ಅವತ್ತು ಲೈನ್ ಹೋದರೆ ಅದನ್ನು ಎಬ್ಬಿಸಲು ಮನೆಯಲ್ಲಿ ಯಾರೂ ಇರುವುದಿಲ್ಲ.