ಮುಂದಿನ ಸಾಲಿನ ಕುರ್ಚಿ

ಕೊಪ್ಪಳ
೧೨ ಏಪ್ರಿಲ್ ೨೦೨೫

ಗೆಳೆಯ ಅಮರಪ್ಪನಿಗೆ ನಜೀರನ ನಮಸ್ಕಾರ, ಸಲಾಂ ಎರಡೂ.

ನಿನಗೆ ಪತ್ರ ಬರೆದು ವರ್ಷಗಳೇ ಆದವು. ಫೋನು ಬಂದ ಮೇಲೆ ಇಬ್ಬರೂ ಸೋಮಾರಿಗಳಾದೆವು, ಬೇಸರ ಮಾಡಿಕೊಳ್ಳಬೇಡ. ಈ ವಿಷಯ ಮಾತ್ರ ಫೋನಿನಲ್ಲಿ ಆಡುವಂಥದ್ದಲ್ಲ. ನಂಬರು ಒತ್ತಿ ನಾನೇ ಕಟ್ ಮಾಡಿದೆ, ದನಿ ಕೈಕೊಡುತ್ತದೆ. ನಿನ್ನ ಮನೆಯಲ್ಲಿ ತಂಗಿ ವಿರೂಪಾಕ್ಷಮ್ಮನ ಮೊಣಕಾಲು ಹೇಗಿದೆ? ಹಸೀನಾ ಕೇಳುತ್ತಲೇ ಇರುತ್ತಾಳೆ. ಅವಳ ಶುಗರ್ ಹತೋಟಿಯಲ್ಲಿದೆ, ನಾಲಿಗೆಯೊಂದು ಇಲ್ಲ.

ಕಳೆದ ವಾರ ನಿನ್ನ ಮಗ ಸಿದ್ದೇಶ ಮನೆಗೆ ಬಂದಿದ್ದ. ನಮ್ಮೂರ ದೊಡ್ಡಾಟದ ಕಮಿಟಿಗೆ ಈಗ ಅವನೇ ಅಧ್ಯಕ್ಷನಂತೆ. ನಿನಗೆ ಏನೂ ಗೊತ್ತಿಲ್ಲವೆಂದುಕೊಂಡೇ ಎಲ್ಲವನ್ನೂ ಬರೆಯುತ್ತೇನೆ, ಓದು.

ಆಮಂತ್ರಣ ಪತ್ರಿಕೆ ಕೊಟ್ಟ. ನನ್ನ ಹೆಸರು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ನಾಡಿನ ಹೆಸರಾಂತ ರಂಗಭೂಮಿ ವಿದ್ವಾಂಸರು, ಡಾ. ನಜೀರಸಾಬ, ಮುಖ್ಯ ಅತಿಥಿಗಳು. ನನಗೆ ನಗು ಬಂತು. "ಲೇ ಸಿದ್ದು, ಹಿಂದ ತಾಳ ಹಿಡಿದು ನಿಲ್ಲಾಂವಗ ಮುಂದ ಕುರ್ಚಿ ಯಾಕೋ?" ಎಂದೆ.

"ಸನ್ಮಾನ ಮಾಡ್ತೀವ್ರಿ ಸರ್. ಮುಂದಿನ ಸಾಲಿನ್ಯಾಗ ಆರಾಮ ಕುಂತು ನೋಡ್ರಿ. ಈ ಸಲ ಗಣಪತಿ ಪದ ನಿಮ್ಮ ತಾಲೀಮಿನ ಹುಡುಗ ರುದ್ರೇಶ ಹೇಳ್ತಾನ."

ಹುಟ್ಟಿದಾಗಿನಿಂದ ಕಾಕಾ ಎನ್ನುತ್ತಿದ್ದವನು ಅವತ್ತು ಸರ್ ಎಂದ.

ನಮ್ಮೂರ ಪದ್ಧತಿ ನಿನಗೆ ನಾನು ಹೇಳಬೇಕೇ? ವೇಷ ಕಟ್ಟಿದವರೆಲ್ಲ ಪರದೆಯ ಹಿಂದೆ ಕಿರೀಟ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಮಾಸ್ತರ ಗಣಪತಿಯ ಪದ ಎತ್ತಿದ ಮೇಲೆಯೇ ಅದು ತಲೆಗೇರುತ್ತದೆ. ನಮ್ಮ ಗ್ಯಾನಪ್ಪ ಮಾಸ್ತರು ಕಣ್ಣು ಮಂಜಾದ ವರ್ಷ ಆ ತಾಳವನ್ನು ನನ್ನ ಕೈಗಿಟ್ಟರು. ಊರ ಹಿರಿಯರು ಗುಸುಗುಸು ಎಂದಾಗ ಅವರು ಹೇಳಿದ ಮಾತು ನಿನಗೂ ನೆನಪಿರಬೇಕು: "ನಾ ಕೊರಳಿಗೆ ಕೊಟ್ಟೇನಿ. ಕೇಳೂದು ಬಿಡೂದು ನಿಮಗ ಬಿಟ್ಟದ್ದು." ಅವತ್ತು ಮೊದಲು ಕಿರೀಟ ಏರಿಸಿಕೊಂಡವನು ರಾಜನ ವೇಷದ ನೀನೇ. ಅಂದಿನಿಂದ ಒಂದು ವರ್ಷವೂ ನಾನು ತಪ್ಪಿಸಿದವನಲ್ಲ. ಗಂಗಾವತಿ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಪರೀಕ್ಷೆಯ ಪೇಪರಿನ ಕಟ್ಟು ಬಗಲಲ್ಲಿಟ್ಟುಕೊಂಡು ತಾಲೀಮಿಗೆ ಬರುತ್ತಿದ್ದೆ.

"ಯಾಕಪಾ, ನನ್ನ ದನಿ ಹೋಗೇತೇನು?" ಎಂದು ಸಿದ್ದೇಶನನ್ನು ಕೇಳಿದೆ. ಅವನು ನೆಲ ನೋಡುತ್ತ ಹೇಳಿದ: "ದನಿ ಅಲ್ರಿ ಸರ್. ನೀವ ಪುಸ್ತಕದಾಗ ಬರದೀರಲ್ರಿ, ದೊಡ್ಡಾಟ ಬರೇ ಆಟ ಅಲ್ಲ, ಪೂಜಿ ಅಂತ. ಹುಡುಗರು ಓದ್ಯಾರ. ಪೂಜಿ ಅಂದಮ್ಯಾಲ ಮದಲನೇ ಪದ ನಮ್ಮವರ ಹೇಳಬೇಕು ಅಂತಾರ್ರಿ."

ಅಮರಪ್ಪ, ಆ ಒಂದು ಮಾತಿಗಾಗಿ ನಾನು ಎಷ್ಟು ಜಗಳಾಡಿದ್ದೇನೆ ಎಂಬುದು ನಿನಗೆ ಗೊತ್ತು. ವಿಚಾರ ಸಂಕಿರಣಗಳಲ್ಲಿ ದೊಡ್ಡ ದೊಡ್ಡವರು ನಮ್ಮ ಆಟವನ್ನು ಹಳ್ಳಿಗರ ಗದ್ದಲ ಎನ್ನುತ್ತಿದ್ದರು. ಅಲ್ಲ, ಅದು ಪೂಜೆ ಎಂದು ಎದ್ದು ನಿಂತು ವಾದ ಮಾಡಿದೆ. ಪಿಎಚ್‌ಡಿಯಲ್ಲಿ ಬರೆದೆ, ಪುಸ್ತಕ ಪುಸ್ತಕದಲ್ಲೂ ಬರೆದೆ. ಯಾರೂ ನಂಬುವುದಿಲ್ಲ ಎಂದು ಕೊರಗುತ್ತಿದ್ದೆ. ಈಗ ನೋಡು, ನಿನ್ನ ಮಗ ನಂಬಿದ್ದಾನೆ. ಆ ಮಾತು ಸುಳ್ಳು ಎಂದು ಅವನ ಬಾಯಿ ಮುಚ್ಚಿಸಬಹುದಿತ್ತು. ಹೇಗೆ ಹೇಳಲಿ? ಪೂಜೆ ಎಂದೇ ನಾನೂ ಹಾಡಿದ್ದು.

ಹಸೀನಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವನು ಹೋದ ಮೇಲೆ ಬಂದು, "ರಮಜಾನದಾಗೂ ತಾಲೀಮಿಗೆ ಓಡತಿದ್ರಿ. ಜಮಾತಿನವರು ಬೈದ್ರು, ನಮ್ಮ ಅಣ್ಣಗೋಳು ಮಾತು ಬಿಟ್ರು. ಈಗ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ" ಎಂದಳು. ಬೈಯುತ್ತಾಳೆ ಎಂದುಕೊಂಡರೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮಗಳು ಖುಷ್ಬು ಮುನಿರಾಬಾದಿನಿಂದ ಫೋನು ಮಾಡಿ, ಪೇಪರಿನವರಿಗೆ ಹೇಳಿರಿ ಎನ್ನುತ್ತಾಳೆ. ಏನಂತ ಹೇಳಲಿ? ಕುಣಿತದ ಮೊದಲ ಹೆಜ್ಜೆ ನಾನೇ ಹಾಕಿಸಿದ ಹುಡುಗರು ಅವರು. ಊರನ್ನು ಪೇಪರಿನಲ್ಲಿ ಬೈದು ನಾನು ಯಾವ ಊರಿನವನಾಗಲಿ?

ಅವತ್ತಿನಿಂದ ಒಂದು ಸಾಲು ಬರೆದಿಲ್ಲ. ಪದಗಳ ಮೇಲಿನ ಪುಸ್ತಕ ಅರ್ಧಕ್ಕೆ ನಿಂತಿದೆ. ಬರೆಯಲು ಕೂತರೆ ಹೆದರಿಕೆಯಾಗುತ್ತದೆ, ಈ ಸಾಲನ್ನು ನಾಳೆ ಯಾರು ಎತ್ತಿಕೊಂಡು ಯಾರ ಮನೆಗೆ ಹೋಗುತ್ತಾರೋ ಎಂದು. ಸ್ನಾನ ಮಾಡುವಾಗ ತಾನೇ ಬಾಯಿಗೆ ಬರುತ್ತಿದ್ದ ಪದವೂ ಬರುತ್ತಿಲ್ಲ. ಬಾಳೆಲ್ಲ ಇದಕ್ಕೇ ಹಾಕಿದೆನಲ್ಲ, ಇನ್ನು ಉಳಿದದ್ದನ್ನು ಎಲ್ಲಿ ಹಾಕಲಿ, ತಿಳಿಯದು.

ನಾನು ಆಟಕ್ಕೆ ಬರುವುದಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂಡಿಸಿರಿ. ರುದ್ರೇಶನಿಗೆ ಒಂದು ಮಾತು ಮುಟ್ಟಿಸು: ಪದವನ್ನು ಕೆಳಗಿನ ಶ್ರುತಿಯಲ್ಲಿ ಎತ್ತಬೇಕು, ಮೇಲೆ ಎತ್ತಿದರೆ ಕೊನೆಯ ನುಡಿಗೆ ಅವನ ಉಸಿರು ಸಾಲದು. ಹುಡುಗ ಛಲೋ ಹಾಡುತ್ತಾನೆ, ಅವಸರ ಒಂದು ಕೆಟ್ಟದ್ದು.

ತಂಗಿಗೆ ನಮ್ಮಿಬ್ಬರ ನೆನಪು ತಿಳಿಸು. ಸಿದ್ದೇಶನಿಗೆ, ಅವನ ಮಕ್ಕಳಿಗೆ ನನ್ನ ಆಶೀರ್ವಾದ. ಆಟ ಯಾವ ವಿಘ್ನವಿಲ್ಲದೆ ನಡೆಯಲಿ.

ನಿನ್ನ
ನಜೀರ

ತಾ.ಕ.: ಸಿದ್ದೇಶನನ್ನು ಕಳಿಸಲು ಬಾಗಿಲ ತನಕ ಬಂದಿದ್ದೆ. ಬೇವಿನ ಗಿಡದ ನೆರಳಿಗೆ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ನೀನು ಕುಳಿತಿದ್ದೆ, ಗಾಜು ಏರಿಸಿಕೊಂಡು, ಮುಖ ಆಚೆ ತಿರುಗಿಸಿಕೊಂಡು. ನೀನು ನನ್ನನ್ನು ನೋಡಿದೆಯೋ ಇಲ್ಲವೋ, ನಾನಂತೂ ನೋಡದವನಂತೆ ಒಳಗೆ ಬಂದೆ. ಹಸೀನಾಗೆ ಹೇಳಿಲ್ಲ. ಹೇಳಿದ್ದರೆ ಅವಳು ನಿನ್ನ ಮೇಲೆ ಸಂಶಯವನ್ನೇ ಪಡದೆ, ಅಣ್ಣ ಹೊರಗೆ ಯಾಕೆ ಕೂತಿದ್ದಾನೆ ಎಂದು ನಿನ್ನನ್ನು ಒಳಗೆ ಕರೆಯಲು ಓಡಿ ಬರುತ್ತಿದ್ದಳು.