ಎರಡು ಅರ್ಧ ವೃತ್ತಗಳು

ಅಕ್ಕಾ,

ನಾನು ಬೆಳಗಿನ ಪಾಳಿಗೆ ಪ್ರಯೋಗಾಲಯಕ್ಕೆ ಹೊರಟಿದ್ದೇನೆ. ನಿನ್ನ ಪ್ರವೇಶಪತ್ರವೂ ಕಪ್ಪು ಪೆನ್ನೂ ಹೊಲಿಗೆ ಯಂತ್ರದ ಮೇಲಿವೆ. ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು.

ನೀನು ನಿನ್ನೆ ಬರೆದ ಮಾದರಿ ಪರೀಕ್ಷೆಯನ್ನು ತಿದ್ದಿದೆ. ಪ್ರತಿ ಪ್ರಶ್ನೆಗೂ ನಾಲ್ಕು ವೃತ್ತಗಳಿವೆ. ಒಂದನ್ನು ಮಾತ್ರ ಪೂರ್ತಿ ಕಪ್ಪಾಗಿಸಬೇಕು. ಅನುಮಾನ ಬಂದಲ್ಲೆಲ್ಲ ನೀನು ಎರಡನ್ನು ಅರ್ಧರ್ಧ ತುಂಬಿದ್ದೀಯ. ಕೇಳಿದರೆ, "ಎರಡೂ ಸರಿ ಅನ್ಸುತ್ತೆ ಕಣೇ. ಒಂದಕ್ಕೇ ಕೊಟ್ರೆ ಇನ್ನೊಂದಕ್ಕೆ ಅನ್ಯಾಯ ಅಲ್ವಾ?" ಎಂದು ನಕ್ಕೆ. ಉತ್ತರಗಳನ್ನು ನೋಡುವುದು ಯಂತ್ರ, ಅಕ್ಕಾ. ಎರಡು ತುಂಬಿದರೆ ಅದು ತಪ್ಪೆಂದು ಅಂಕ ಕಳೆಯುತ್ತದೆ. ಗೊತ್ತಿಲ್ಲದ್ದನ್ನು ಖಾಲಿ ಬಿಡು, ಏನೂ ಕಳೆಯುವುದಿಲ್ಲ.

ನಿನಗೆ ಸುಳ್ಳು ಹೇಳಲಾರೆ. ಹಾಗೆ ಬರೆದರೂ ಕಾಲೇಜಿನಲ್ಲಿ ಸೀಟು ಸಿಗುವಷ್ಟು ಅಂಕ ಬರುವಂತೆ ಕಾಣುವುದಿಲ್ಲ. ಮುಂದಿನ ವರ್ಷ ಬರೆಯೋಣವೆಂದರೆ ನಿನ್ನ ವಯಸ್ಸು ಮಿತಿ ಮೀರಿರುತ್ತದೆ. ಆದರೂ ಹೋಗಿ ಬಾ.

ಮಿಠಾಯಿ ಚೂರನ್ನೂ ಅಳೆದು ಅರ್ಧ ಮಾಡುತ್ತಿದ್ದವಳು ನೀನು. ಈ ಮನೆಯಲ್ಲಿ ಒಬ್ಬಳನ್ನೇ ಓದಿಸಲು ಸಾಧ್ಯ ಎಂದಾಗ ಮಾತ್ರ ಅರ್ಧ ಮಾಡಲಿಲ್ಲ. ಪೂರ್ತಿ ನನಗೇ ಬಿಟ್ಟೆ.

ಸಂಜೆ ಪರೀಕ್ಷಾ ಕೇಂದ್ರದ ಗೇಟಿನ ಬಳಿ ನಿಂತಿರುತ್ತೇನೆ. ಹೇಗೆ ಬರೆದೆ ಎಂದು ಕೇಳುವುದಿಲ್ಲ.

— ತಂಗಿ